ಕಲ್ಲು ಮೊದಲು, ದೀಪಸ್ತಂಭ ಕೊನೆಗೆ: ಮನೆಯಂಗಳದಲ್ಲಿ ಜಪಾನಿ ತೋಟ

ಬೆಟ್ಟ, ಕಣಿವೆ, ಹೊಳೆ, ಕಡಲತೀರ ಮೊದಲಾದ ನಿಸರ್ಗದ ನೋಟಗಳನ್ನು ಕಲ್ಲು, ನೀರು ಮತ್ತು ಹಸಿರಿನ ಮೂಲಕ ಕುಗ್ಗಿಸಿ, ಮನೆಯ ಒಳಗೆ ಕುಳಿತವರ ಕಣ್ಣಿಗೆ ನಿಲುಕುವಂತೆ ರೂಪಿಸುವ ಕಲೆಯೇ ಜಪಾನಿನ ಸಾಂಪ್ರದಾಯಿಕ ತೋಟಗಾರಿಕೆ. ಇಲ್ಲಿ ಹೂವಿಗೆ ಸಣ್ಣ ಪಾತ್ರ, ಹುಲ್ಲುಹಾಸಿಗೆ ಇನ್ನೂ ಸಣ್ಣ ಪಾತ್ರ. ಈ ಕಲೆಯನ್ನು ಮೆಚ್ಚಿ ಮನೆಯಲ್ಲಿ ಅನುಸರಿಸಲು ಹೊರಡುವವರು ಸಾಮಾನ್ಯವಾಗಿ ಅಂಗಡಿಯಿಂದ ಒಂದು ಕಲ್ಲಿನ ದೀಪಸ್ತಂಭ, ಕೆಂಪು ಬಣ್ಣದ ಪುಟ್ಟ ಸೇತುವೆ ಮತ್ತು ಒಂದು ಬುದ್ಧನ ಮೂರ್ತಿಯನ್ನು ತಂದು, ಅವುಗಳ ಸುತ್ತ ಗಿಡಗಳನ್ನು ನೆಟ್ಟು, ಉಳಿದ ಕಡೆ ಬಿಳಿ ಜಲ್ಲಿ ಹರಡುತ್ತಾರೆ. ಪರಂಪರೆಯ ಕ್ರಮ ಇದಕ್ಕೆ ತಿರುವುಮುರುವಾದದ್ದು: ಮೊದಲು ನೋಡುವ ಜಾಗದ ನಿಶ್ಚಯ, ಬಳಿಕ ಕಲ್ಲು, ಅದರ ಬಳಿಕ ನೀರು ಅಥವಾ ನೀರನ್ನು ಸೂಚಿಸುವ ಮರಳು, ಆಮೇಲೆ ಗಿಡ, ಎಲ್ಲಕ್ಕೂ ಕೊನೆಗೆ ಬೇಕೆನಿಸಿದರೆ ಒಂದು ದೀಪಸ್ತಂಭ. ಈ ಕ್ರಮವನ್ನು ಅರಿತರೆ ತೋಟಕ್ಕೆ ದೊಡ್ಡ ನಿವೇಶನವೂ ಬೇಕಿಲ್ಲ, ಜಪಾನಿನಿಂದ ಯಾವ ವಸ್ತುವನ್ನು ತರಿಸುವ ಅಗತ್ಯವೂ ಇಲ್ಲ.

ಪರಂಪರೆ ಬೆಳೆದ ಬಗೆ

ಕ್ರಿ.ಶ. 720ರಲ್ಲಿ ಸಂಕಲಿತವಾದ ‘ನಿಹೊನ್ ಶೊಕಿ’ ಎಂಬ ಚರಿತ್ರೆಯ ಗ್ರಂಥದಲ್ಲಿ 612ರ ಸಂಗತಿಯೊಂದು ದಾಖಲಾಗಿದೆ. ಕೊರಿಯಾದ ಬೆಕ್ಜೆ ರಾಜ್ಯದಿಂದ ಬಂದ ಒಬ್ಬ ಕುಶಲಕರ್ಮಿಯು ಸಾಮ್ರಾಜ್ಞಿ ಸುಯಿಕೊ ಅವರ ಅರಮನೆಯ ದಕ್ಷಿಣದ ಅಂಗಳದಲ್ಲಿ ಸುಮೇರು ಪರ್ವತದ ಆಕೃತಿಯನ್ನೂ ಒಂದು ಸೇತುವೆಯನ್ನೂ ನಿರ್ಮಿಸಿದನೆಂದು ಆ ಗ್ರಂಥ ಹೇಳುತ್ತದೆ. ಕನ್ನಡಿಗರಿಗೆ ಪುರಾಣಗಳಿಂದ ಪರಿಚಿತವಾದ ಮೇರು ಪರ್ವತವೇ ಇದು. ಬೌದ್ಧರ ಲೋಕಕಲ್ಪನೆಯ ಭಾಗವಾಗಿ ಭಾರತದಿಂದ ಹೊರಟು, ಚೀನಾ ಮತ್ತು ಕೊರಿಯಾಗಳನ್ನು ಹಾದು, ಜಪಾನಿನಲ್ಲಿ ‘ಶುಮಿಸೆನ್’ ಎಂಬ ಹೆಸರು ಪಡೆದು, ಅಲ್ಲಿನ ತೋಟಗಳಲ್ಲಿ ನೆಟ್ಟಗೆ ನಿಂತ ಎತ್ತರದ ಕಲ್ಲಿನ ರೂಪದಲ್ಲಿ ನೆಲೆಗೊಂಡಿತು. ಹೀಗೆ ಜಪಾನಿನ ತೋಟದ ಲಿಖಿತ ಚರಿತ್ರೆ ಆರಂಭವಾಗುವುದೇ ಒಂದು ಬೆಟ್ಟವನ್ನು ಅಂಗಳದೊಳಗೆ ತಂದ ಕಥೆಯಿಂದ.

ಹನ್ನೊಂದನೆಯ ಶತಮಾನದ ಹೊತ್ತಿಗೆ ಈ ವಿದ್ಯೆಗೆ ಶಾಸ್ತ್ರಗ್ರಂಥವೊಂದು ಹುಟ್ಟಿತು. ‘ಸಕುತೇಕಿ’ ಎಂಬ ಈ ಕೃತಿಯನ್ನು ತಾಚಿಬಾನ ನೊ ತೊಶಿತ್ಸುನ (1028–1094) ಬರೆದನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಈತನ ತಂದೆ ಫುಜಿವಾರ ನೊ ಯೊರಿಮಿಚಿಯು ಉಜಿ ಎಂಬಲ್ಲಿ 1053ರಲ್ಲಿ ಕೊಳದ ಅಂಚಿನಲ್ಲಿ ಅಮಿತಾಭ ಬುದ್ಧನ ಮಂದಿರವನ್ನು ಕಟ್ಟಿಸಿದ್ದನು. ಬ್ಯೊದೊಇನ್ ಎಂದು ಹೆಸರಾದ ಆ ಮಂದಿರ ಇಂದಿಗೂ ಉಳಿದಿದೆ. ತೋಟ ರೂಪಿಸುವುದನ್ನು ಸಕುತೇಕಿಯು ಕಲ್ಲು ನಿಲ್ಲಿಸುವುದೆಂದೇ ಕರೆಯುತ್ತದೆ. ಕಲ್ಲು ತಾನೇ ಯಾವ ಭಂಗಿಯನ್ನು ಬಯಸುತ್ತದೆಯೋ ಅದನ್ನು ಅನುಸರಿಸಬೇಕು, ಬೆಟ್ಟದಲ್ಲಿ ಮಲಗಿದ್ದ ಕಲ್ಲನ್ನು ತೋಟದಲ್ಲಿ ನಿಲ್ಲಿಸಬಾರದು, ನಿಂತಿದ್ದ ಕಲ್ಲನ್ನು ಮಲಗಿಸಬಾರದು ಎಂಬ ನಿಯಮಗಳು ಅದರಲ್ಲಿವೆ. ಮುರಿದರೆ ಮನೆಯೊಡೆಯನಿಗೆ ಕೇಡು ತಪ್ಪದೆಂಬ ಎಚ್ಚರಿಕೆಯೂ ಸೇರಿದೆ. ಕೇಡಿನ ಮಾತನ್ನು ಬದಿಗಿಟ್ಟು ನೋಡಿದರೂ ನಿಯಮದ ಹಿಂದಿನ ಗ್ರಹಿಕೆ ಸ್ಪಷ್ಟ: ಮಳೆ ಗಾಳಿಗಳು ಕಲ್ಲಿನ ಒಂದು ಮುಖವನ್ನು ಸವೆಸಿ, ಇನ್ನೊಂದನ್ನು ಮಣ್ಣಿನಲ್ಲಿ ಮುಚ್ಚಿ, ಅದಕ್ಕೊಂದು ಮೇಲು ಕೆಳಗನ್ನು ಕೊಟ್ಟಿರುತ್ತವೆ, ಅದನ್ನು ಅದಲುಬದಲು ಮಾಡಿದರೆ ಕಲ್ಲು ಇಟ್ಟದ್ದೆಂದು ಕಾಣುತ್ತದೆಯೇ ಹೊರತು ಇದ್ದದ್ದೆಂದು ಕಾಣುವುದಿಲ್ಲ.

ಮುಂದಿನ ಶತಮಾನಗಳಲ್ಲಿ ಝೆನ್ ಬೌದ್ಧರ ಆಶ್ರಮಗಳು ತೋಟವನ್ನು ಧ್ಯಾನದ ಪರಿಸರವನ್ನಾಗಿ ಬೆಳೆಸಿದವು. ಮುಸೊ ಸೊಸೇಕಿ (1275–1351) ಎಂಬ ಝೆನ್ ಗುರು 1339ರಲ್ಲಿ ಪುನರುಜ್ಜೀವನಗೊಳಿಸಿದ ಕ್ಯೋಟೊದ ಸೈಹೋಜಿ ದೇವಾಲಯದ ತೋಟವು ಇಂದು ಸುಮಾರು 120 ಬಗೆಯ ಹಾವಸೆಯಿಂದ ಪ್ರಸಿದ್ಧವಾಗಿದೆ. ಆದರೆ ಹಾವಸೆ ಯಾರೂ ಹಾಸಿದ್ದಲ್ಲ, ಶತಮಾನಗಳ ಬಳಿಕ ಆರೈಕೆ ತಪ್ಪಿದ ಕಾಲದಲ್ಲಿ ನೆರಳು ತೇವಗಳಿಂದ ತಾನಾಗಿ ಹಬ್ಬಿದ್ದು. ನೀರಿಲ್ಲದೆಯೇ ನೀರನ್ನು ಕಾಣಿಸುವ ‘ಕರೆಸಾನ್ಸುಯಿ’ ಎಂಬ ಒಣತೋಟದ ಮಾದರಿಯೂ ಆಶ್ರಮಗಳಲ್ಲೇ ಪಕ್ವವಾಯಿತು. ಹದಿನಾರನೆಯ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯೂ (1522–1591) ಮತ್ತು ಅವನ ಶಿಷ್ಯಪರಂಪರೆಯವರು, ಚಹಾ ಕುಡಿಯುವ ಗುಡಿಸಲಿಗೆ ನಡೆದು ಹೋಗುವ ದಾರಿಯನ್ನೇ ‘ರೋಜಿ’ ಎಂಬ ತೋಟವಾಗಿ ರೂಪಿಸಿದರು. ಇಂದು ಜಪಾನಿ ತೋಟದ ಗುರುತುಗಳೆಂದು ಎಲ್ಲರೂ ಭಾವಿಸುವ ಹೆಜ್ಜೆಗಲ್ಲು, ಕೈತೊಳೆಯುವ ಕಲ್ಬಾನಿ, ಕಲ್ಲಿನ ದೀಪಸ್ತಂಭ ಈ ಮೂರೂ ಚಹಾತೋಟದ ಕೊಡುಗೆ.

ಮನೆಗೆ ಹೊಂದುವ ಮಾದರಿ

ದೊರೆಗಳ ಕೊಳದ ತೋಟವಾಗಲಿ ದೇವಾಲಯದ ಅಂಗಳವಾಗಲಿ ಸಾಮಾನ್ಯ ಗೃಹಸ್ಥನಿಗೆ ಮಾದರಿಯಾಗಲಾರದು. ಮನೆಯಲ್ಲಿ ಅನುಸರಿಸಲು ಯೋಗ್ಯವಾದದ್ದು ಕ್ಯೋಟೊದ ವರ್ತಕರ ಮನೆಗಳಲ್ಲಿ ಬೆಳೆದ ‘ತ್ಸುಬೊನಿವ’ ಎಂಬ ಒಳಾಂಗಳದ ತೋಟ. ‘ತ್ಸುಬೊ’ ಎಂಬುದು ಜಪಾನಿನ ಹಳೆಯ ಭೂಅಳತೆ. ಎರಡು ತತಾಮಿ ಚಾಪೆಗಳಷ್ಟು, ಅಂದರೆ ಸುಮಾರು 3.3 ಚದರ ಮೀಟರ್ ಅಥವಾ 36 ಚದರ ಅಡಿ. ಬೀದಿಯ ಕಡೆಗೆ ಕಿರಿದಾದ ಮುಖವಿದ್ದು ಹಿಂದಕ್ಕೆ ಉದ್ದಕ್ಕೂ ಚಾಚಿಕೊಂಡ ಆ ಮನೆಗಳಲ್ಲಿ ಗಾಳಿ ಬೆಳಕುಗಳಿಗೆಂದು ನಡುವೆ ಬಿಟ್ಟ ತೆರಪೇ ತೋಟವಾಯಿತು. ಮನೆಯ ನಡುವೆ ಒಂದು, ಹಿಂಭಾಗದಲ್ಲಿ ಇನ್ನೊಂದು ತೋಟವಿದ್ದಾಗ ಎರಡರ ಮೇಲೂ ಬೀಳುವ ಬಿಸಿಲು ಸಮವಾಗಿರುವುದಿಲ್ಲ. ಕಾದ ತೋಟದಲ್ಲಿ ಗಾಳಿ ಮೇಲೇರಿ, ನೆರಳಿನ ತೋಟದ ತಂಪು ಗಾಳಿ ಕೋಣೆಗಳನ್ನು ಹಾದು ಆ ಕಡೆಗೆ ಹರಿಯುತ್ತದೆ. ಬೇಸಿಗೆಯ ಸಂಜೆ ಕಲ್ಲುಗಳ ಮೇಲೆ ನೀರು ಚಿಮುಕಿಸಿದರೆ ಈ ತಂಪು ಇನ್ನಷ್ಟು ಹೆಚ್ಚುತ್ತದೆ. ಕರ್ನಾಟಕದ ತೊಟ್ಟಿಮನೆಗಳ ನಡುವಿನ ತೆರೆದ ಅಂಗಳವೂ ಗಾಳಿ ಬೆಳಕಿನ ಇದೇ ಕೆಲಸವನ್ನು ಮಾಡುತ್ತಿತ್ತಾದ್ದರಿಂದ, ಅಂಥ ಮನೆ ಉಳಿಸಿಕೊಂಡವರಿಗೆ ತ್ಸುಬೊನಿವದ ತರ್ಕ ಹೊಸದೆನಿಸುವುದಿಲ್ಲ.

ಹೊಸ ಮನೆಗಳಲ್ಲಿ ಇಂಥ ಒಳಾಂಗಳ ಇಲ್ಲದಿದ್ದರೂ ಕಾಂಪೌಂಡ್ ಗೋಡೆಗೂ ಕೋಣೆಯ ಕಿಟಕಿಗೂ ನಡುವಿನ ಪಟ್ಟಿ, ಮೆಟ್ಟಿಲಿನ ಕೆಳಗಿನ ಮೂಲೆ, ಊಟದ ಕೋಣೆಯ ಪಕ್ಕದ ಬಾಲ್ಕನಿ ಮುಂತಾದ ಜಾಗಗಳು ಸಾಕಾಗುತ್ತವೆ. ಮೊದಲು ತೀರ್ಮಾನಿಸಬೇಕಾದದ್ದು ತೋಟವನ್ನು ಯಾರು ಎಲ್ಲಿ ಕುಳಿತು ನೋಡುತ್ತಾರೆ ಎಂಬುದು. ಜಪಾನಿನ ಮನೆಗಳಲ್ಲಿ ‘ಎನ್‌ಗಾವ’ ಎಂಬ ಮರದ ಜಗಲಿಯ ಮೇಲೆ ಕುಳಿತವರ ಕಣ್ಣಿನ ಎತ್ತರಕ್ಕೆ ತಕ್ಕಂತೆ ಇಡೀ ರಚನೆ ನಡೆಯುತ್ತದೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ಜಗಲಿಯಲ್ಲಿ ಕುಳಿತವರ ಕಣ್ಣಿಗಿಂತ ಮೇಲಿರುವುದರಿಂದ ಕಲ್ಲುಗಳ ಎತ್ತರ, ಬೇಲಿಯ ಎತ್ತರ ಎರಡೂ ಬದಲಾಗಬೇಕಾಗುತ್ತದೆ. ಹಾಗೆ ಕುಳಿತು, ಚೌಕಟ್ಟಿನೊಳಗೆ ಏನು ಕಾಣುತ್ತದೆ, ಏನನ್ನು ಮರೆಮಾಡಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಉತ್ತಮ. ದೂರದ ಗುಡ್ಡವೋ ಪಕ್ಕದ ಮನೆಯ ದೊಡ್ಡ ಮರವೋ ಕಾಣುವಂತಿದ್ದರೆ ಅದನ್ನೇ ತೋಟದ ಹಿನ್ನೆಲೆಯಾಗಿ ಬಳಸಿಕೊಳ್ಳಬಹುದು. ‘ಶಕ್ಕೇಯ್’ ಎಂದು ಕರೆಯುವ, ಎರವಲು ಪಡೆದ ದೃಶ್ಯದ ಈ ತಂತ್ರಕ್ಕೆ ಹಿಯೇಯ್ ಪರ್ವತವನ್ನು ಹಿನ್ನೆಲೆಯಾಗಿಸಿಕೊಂಡ ಕ್ಯೋಟೊದ ಎಂತ್ಸೂಜಿ ದೇವಾಲಯದ ತೋಟ ಪ್ರಸಿದ್ಧ ನಿದರ್ಶನ. ನೀರಿನ ಟ್ಯಾಂಕು, ಕೇಬಲ್ಲು ಮೊದಲಾದವು ಕಾಣುವಂತಿದ್ದರೆ ಬಿದಿರಿನ ಬೇಲಿಯಿಂದಲೋ ಒತ್ತಾಗಿ ಬೆಳೆಸಿದ ಗಿಡಗಳಿಂದಲೋ ಅವನ್ನು ಮರೆಮಾಡಬೇಕು.

ಕಲ್ಲು ಇಡುವ ವಿದ್ಯೆ

ತೋಟದ ಅಸ್ಥಿಪಂಜರ ಕಲ್ಲು. ಗಿಡ ಬೆಳೆಯುತ್ತದೆ, ಬಾಗುತ್ತದೆ, ಸಾಯುತ್ತದೆ. ಕಲ್ಲು ಮಾತ್ರ ಇಟ್ಟಲ್ಲೇ ಇರುತ್ತದೆಯಾದ್ದರಿಂದ ಅದರ ಆಯ್ಕೆಯಲ್ಲಿ ಆತುರ ಸಲ್ಲದು. ಡೈನಮೈಟಿನಿಂದ ಒಡೆದ ಚೂಪು ಅಂಚಿನ ಕಲ್ಲಿಗಿಂತ ಮಳೆ ಬಿಸಿಲುಗಳಲ್ಲಿ ಮಾಗಿದ, ಬಣ್ಣ ಕಂದಿದ, ಸಾಧ್ಯವಾದರೆ ಕಲ್ಲುಹೂವು ಹಿಡಿದ ಬಂಡೆಯೇ ಲೇಸು. ಒಂದೇ ತೋಟದಲ್ಲಿ ಕಪ್ಪು, ಕೆಂಪು, ಬಿಳಿ ಕಲ್ಲುಗಳನ್ನು ಬೆರೆಸಬಾರದು. ಒಂದೇ ಬೆಟ್ಟದಿಂದ ಬಂದವೆಂಬಂತೆ ಅವುಗಳ ಜಾತಿ ಮತ್ತು ಪದರಗಳ ದಿಕ್ಕು ಒಂದೇ ಆಗಿರಬೇಕು. ಗ್ರಾನೈಟಿನ ನೆಲವಾದ ದಕ್ಷಿಣ ಕರ್ನಾಟಕದಲ್ಲಿ ಇದು ಕಷ್ಟದ ಮಾತಲ್ಲ. ಆದರೆ ಹೊಳೆಪಾತ್ರದಿಂದಲೋ ಕಾಡಿನಿಂದಲೋ ಅನುಮತಿಯಿಲ್ಲದೆ ಕಲ್ಲು ಎತ್ತಿ ತರುವುದು ಸರಿಯಲ್ಲ. ಹೊಲ ಹಸನು ಮಾಡುವಾಗ, ನಿವೇಶನದ ಪಾಯ ತೆಗೆಯುವಾಗ ಮೇಲೆ ಬರುವ ಬಂಡೆಗಳನ್ನು ಮಾಲೀಕರ ಒಪ್ಪಿಗೆಯಿಂದ ಪಡೆಯಬಹುದು.

ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಅರವತ್ತು ಸೆಂಟಿಮೀಟರ್ ಉದ್ದ, ಐವತ್ತು ಅಗಲ, ನಲವತ್ತು ದಪ್ಪದ ಬಂಡೆಯೆಂದರೆ 300 ಕಿಲೋ ಆಸುಪಾಸಿನ ತೂಕವಾದ್ದರಿಂದ, ಅದನ್ನು ಒಳಾಂಗಳಕ್ಕೆ ಸಾಗಿಸುವ ದಾರಿಯನ್ನು ಕಲ್ಲು ಕೊಳ್ಳುವ ಮೊದಲೇ ಯೋಚಿಸಬೇಕು. ಮನೆ ಕಟ್ಟುವ ಹಂತದಲ್ಲೇ ಕಲ್ಲು ಒಳಗೆ ಬಂದುಬಿಟ್ಟರೆ ಶ್ರಮ ಉಳಿಯುತ್ತದೆ. ಬಾಲ್ಕನಿ ಅಥವಾ ತಾರಸಿಯ ಮೇಲೆ ಇಂಥ ಭಾರ ಹೇರುವ ಮುನ್ನ ಕಟ್ಟಡದ ಎಂಜಿನಿಯರರ ಅಭಿಪ್ರಾಯ ಪಡೆಯುವುದು ಕಡ್ಡಾಯ.

ಎಲ್ಲಕ್ಕಿಂತ ದೊಡ್ಡದಾದ, ಲಕ್ಷಣವುಳ್ಳ ಕಲ್ಲನ್ನು ಮೊದಲು ಇಟ್ಟು, ಉಳಿದವನ್ನು ಅದರ ಒಲವು ನೋಡಿ ಹೊಂದಿಸುವುದು ಸಕುತೇಕಿಯ ಕಾಲದಿಂದ ಬಂದ ಪದ್ಧತಿ. ಮುಖ್ಯ ಕಲ್ಲು ಎಡಕ್ಕೆ ವಾಲಿದಂತಿದ್ದರೆ ಅದಕ್ಕೆ ಆಸರೆಯಾಗುವ ಕಲ್ಲು ಎಡಗಡೆ ಬರಬೇಕು. ಮೂರು ಕಲ್ಲುಗಳ ಗುಂಪಿಗೆ ‘ಸಾನ್‌ಜೊನ್’ ಎಂಬ ಹೆಸರಿದ್ದು, ನಡುವೆ ಬುದ್ಧ, ಇಕ್ಕೆಲಗಳಲ್ಲಿ ಇಬ್ಬರು ಬೋಧಿಸತ್ವರು ಎಂಬ ಕಲ್ಪನೆಯಿಂದ ಅದು ಬಂದಿದೆ. ಮೇಲಿನಿಂದ ನೋಡಿದಾಗ ಮೂರೂ ಕಲ್ಲುಗಳು ಸಮಬಾಹುವಲ್ಲದ ತ್ರಿಕೋನವಾಗಿ ನಿಲ್ಲಬೇಕು. ಎದುರಿನಿಂದ ನೋಡಿದಾಗಲೂ ಅವುಗಳ ತುದಿಗಳು ಒಂದೇ ಎತ್ತರದಲ್ಲಿ ಇರಬಾರದು. ಮೂರು, ಐದು, ಏಳು ಎಂಬ ಬೆಸ ಸಂಖ್ಯೆಗಳಿಗೆ ಪ್ರಾಶಸ್ತ್ಯವಿರುವುದು ಇದೇ ಕಾರಣಕ್ಕೆ: ಸಮಸಂಖ್ಯೆಯ ಕಲ್ಲುಗಳನ್ನು ಕಣ್ಣು ಜೋಡಿ ಜೋಡಿಯಾಗಿ ವಿಂಗಡಿಸಿ ನಿಂತುಬಿಡುತ್ತದೆ, ಬೆಸಸಂಖ್ಯೆಯಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ಚಲಿಸುತ್ತಿರುತ್ತದೆ. ಪ್ರತಿ ಕಲ್ಲಿನ ಅತ್ಯಂತ ಅಗಲವಾದ ಭಾಗ ನೆಲಮಟ್ಟದಲ್ಲಿ ಇಲ್ಲವೇ ಅದಕ್ಕೂ ಕೆಳಗೆ ಬರುವಂತೆ, ಸಾಮಾನ್ಯವಾಗಿ ಮೂರನೆಯ ಒಂದು ಭಾಗದಷ್ಟನ್ನಾದರೂ ಮಣ್ಣಿನಲ್ಲಿ ಹೂಳಬೇಕು. ಬುಡ ಹೂತ ಕಲ್ಲು ಒಳಗೊಂದು ದೊಡ್ಡ ಬಂಡೆಯಿದೆ, ಕಾಣುವುದು ಅದರ ನೆತ್ತಿ ಮಾತ್ರ ಎಂಬ ಭಾವನೆ ತರುತ್ತದೆ. ನೆಲದ ಮೇಲೆ ಸುಮ್ಮನೆ ಇಟ್ಟ ಕಲ್ಲಿಗೆ ಆ ಗಾಂಭೀರ್ಯವಿಲ್ಲ.

ಈ ತತ್ತ್ವಗಳ ಅತ್ಯಂತ ಮಿತವ್ಯಯದ ಪ್ರಯೋಗವನ್ನು ಕ್ಯೋಟೊದ ರ್‍ಯೋಆಂಜಿ ದೇವಾಲಯದಲ್ಲಿ ಕಾಣಬಹುದು. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಆಯತದಲ್ಲಿ ಹರಡಿದ ಬಿಳಿ ಜಲ್ಲಿಯ ಮೇಲೆ 15 ಕಲ್ಲುಗಳು ಐದು ಗುಂಪುಗಳಾಗಿ ನಿಂತಿವೆ. ಜಗಲಿಯ ಯಾವ ಮೂಲೆಯಲ್ಲಿ ಕುಳಿತು ನೋಡಿದರೂ ಒಂದಾದರೂ ಕಲ್ಲು ಮರೆಯಾಗಿಯೇ ಇರುತ್ತದೆ. ಕಲ್ಲುಗಳ ಬುಡದ ಹಾವಸೆಯನ್ನು ಬಿಟ್ಟರೆ ಅಲ್ಲಿ ಗಿಡವಿಲ್ಲ, ದೀಪವಿಲ್ಲ, ಸೇತುವೆಯಿಲ್ಲ. ಮನೆಯ ತೋಟಕ್ಕೆ ಇದರಿಂದ ದೊರೆಯುವ ಪಾಠವೆಂದರೆ ಖಾಲಿ ಜಾಗವೂ ರಚನೆಯ ಭಾಗವೇ ಎಂಬುದು. ಕಲ್ಲಿನ ಸುತ್ತ ತೆರಪು ಉಳಿದಾಗಲೇ ಅದು ದ್ವೀಪವಾಗಿಯೋ ಶಿಖರವಾಗಿಯೋ ತೋರಲು ಸಾಧ್ಯ.

ನೀರಿಲ್ಲದ ಹೊಳೆ

ಒಣತೋಟದಲ್ಲಿ ಜಲ್ಲಿಯೇ ನೀರು. ಕ್ಯೋಟೊದ ತೋಟಗಳಲ್ಲಿ ಬಳಕೆಯಾಗುತ್ತ ಬಂದದ್ದು ಶಿರಕಾವ ಎಂಬ ಹೊಳೆಯ ಪರಿಸರದಲ್ಲಿ ಗ್ರಾನೈಟ್ ಸಹಜವಾಗಿ ಶಿಥಿಲಗೊಂಡು ಉಂಟಾದ ಬಿಳಿ ಕಾಳುಗಳು. ಅದರಲ್ಲಿ ಬಿಳಿಯ ಜೊತೆಗೆ ಬೂದು ಮತ್ತು ಕಪ್ಪು ಖನಿಜಗಳ ಕಣಗಳೂ ಬೆರೆತಿರುವುದರಿಂದ ಅದು ಕಣ್ಣಿಗೆ ಚುಚ್ಚುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಹಾಲುಬಿಳುಪಿನ ಅಮೃತಶಿಲೆಯ ಚೂರುಗಳನ್ನು ಕರ್ನಾಟಕದ ಬಿಸಿಲಿನಲ್ಲಿ ಹರಡಿದರೆ ಪ್ರತಿಫಲಿಸಿದ ಬೆಳಕೂ ಕಾವೂ ನೇರವಾಗಿ ಕೋಣೆಯೊಳಗೆ ಬರುತ್ತವೆ. ಅದಕ್ಕಿಂತ ಕ್ರಷರ್‌ಗಳಲ್ಲಿ ಸಿಗುವ ಬೂದುಬಣ್ಣದ ಬೇಬಿ ಜಲ್ಲಿಯನ್ನು ಜರಡಿ ಹಿಡಿದು, ಪುಡಿ ಹೋಗುವಂತೆ ತೊಳೆದು ಬಳಸುವುದು ಅಗ್ಗವೂ ಹೌದು, ಹಿತವೂ ಹೌದು. ಕಾಳುಗಳು ಕೋನಗಳುಳ್ಳವಾಗಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಗೆರೆಗಳನ್ನು ಹಿಡಿದಿಡುತ್ತವೆ. ಹೊಳೆಯಲ್ಲಿ ಉರುಟಾದ ಬೆಣಚುಕಲ್ಲುಗಳು ಜಾರುವುದರಿಂದ ಗೆರೆ ನಿಲ್ಲುವುದಿಲ್ಲ.

ಜಲ್ಲಿ ಹರಡುವ ಮೊದಲು ನೆಲವನ್ನು ಗಟ್ಟಿಯಾಗಿ ದಿಮ್ಮಸು ಮಾಡಿ, ಮಳೆನೀರು ಮನೆಯ ಗೋಡೆಯಿಂದ ದೂರ ಹರಿಯುವಂತೆ ಸಣ್ಣ ಇಳಿಜಾರು ಕೊಟ್ಟು, ಕಳೆ ಬಾರದಂತೆ ನೀರಿಳಿಯುವ ಬಗೆಯ ತೋಟಗಾರಿಕೆಯ ಬಟ್ಟೆಯನ್ನು ಹಾಸಬೇಕು. ಅಂಚಿನಲ್ಲಿ ಸೈಜುಗಲ್ಲು ಅಥವಾ ಹಳೆಯ ಹೆಂಚುಗಳನ್ನು ಹೂಳಿದರೆ ಜಲ್ಲಿ ಮಣ್ಣಿನೊಂದಿಗೆ ಬೆರೆಯುವುದಿಲ್ಲ. ಐದರಿಂದ ಎಂಟು ಸೆಂಟಿಮೀಟರ್ ದಪ್ಪದ ಪದರವಿದ್ದರೆ ಕುಂಟೆಯ ಹಲ್ಲು ತಳಕ್ಕೆ ತಾಗದೆ ಗೆರೆ ಮೂಡುತ್ತದೆ. ಕುಂಟೆಯನ್ನು ಮರದಲ್ಲಿ, ಅಗಲವಾದ ಕೆಲವೇ ಹಲ್ಲುಗಳಿರುವಂತೆ ಬಡಗಿಯಿಂದ ಮಾಡಿಸಿಕೊಳ್ಳಬಹುದು. ತೆರೆದ ಜಾಗದಲ್ಲಿ ನೇರವಾದ ಗೆರೆಗಳು ಶಾಂತ ನೀರನ್ನೂ, ಕಲ್ಲಿನ ಸುತ್ತ ಎಳೆದ ವರ್ತುಲಗಳು ದ್ವೀಪಕ್ಕೆ ಬಡಿಯುವ ಅಲೆಗಳನ್ನೂ ಸೂಚಿಸುತ್ತವೆ. ತರಗೆಲೆ ಹೆಚ್ಚಾಗಿ ಉದುರಿಸುವ ಮರದ ಕೆಳಗೆ ಒಣತೋಟ ಮಾಡಬಾರದು. ಜಲ್ಲಿಯ ನಡುವೆ ಸಿಕ್ಕ ಎಲೆಗಳು ಕೊಳೆತು ಮಣ್ಣಾಗಿ, ಅದರಲ್ಲಿ ಕಳೆ ಹುಟ್ಟಿ, ಎರಡು ಮೂರು ಮಳೆಗಾಲಗಳಲ್ಲಿ ಹೊಳೆ ಹೋಗಿ ಹಾಳುನೆಲ ಉಳಿಯುತ್ತದೆ.

ಹೆಜ್ಜೆಗಲ್ಲು ಮತ್ತು ಕಲ್ಬಾನಿ

ಅಂಗಳದಲ್ಲಿ ನಡೆದಾಡುವ ಅಗತ್ಯವಿದ್ದರೆ ಚಹಾತೋಟದ ‘ತೋಬಿಇಶಿ’ ಎಂಬ ಹೆಜ್ಜೆಗಲ್ಲುಗಳನ್ನು ಅಳವಡಿಸಬಹುದು. ಕಾಲಿಗೆ ಮಣ್ಣು ತಾಗದಿರಲಿ, ಹಾವಸೆ ತುಳಿತಕ್ಕೆ ಸಿಗದಿರಲಿ ಎಂಬುದು ಇವುಗಳ ಮೂಲ ಉದ್ದೇಶ. ಮೇಲ್ಮೈ ಚಪ್ಪಟೆಯಾಗಿ, ನೀರು ನಿಲ್ಲದಂತೆ ನಡುವೆ ತುಸು ಉಬ್ಬಿದ, ಎರಡೂ ಪಾದ ಹಿಡಿಸುವಷ್ಟು ಅಗಲದ ಕಲ್ಲುಗಳನ್ನು ನೆಲಕ್ಕಿಂತ ಮೂರರಿಂದ ಆರು ಸೆಂಟಿಮೀಟರ್ ಮೇಲೆ ಕಾಣುವಂತೆ ಹೂಳಿ, ಎರಡರ ನಡುವೆ ಹತ್ತು ಸೆಂಟಿಮೀಟರ್ ಆಸುಪಾಸು ತೆರಪು ಬಿಡುತ್ತಾರೆ. ಸಾಲು ಸೆಟೆದ ಗೆರೆಯಾಗದೆ ಎಡಬಲಕ್ಕೆ ಮೆಲ್ಲನೆ ತಿರುಗುವುದರಿಂದ ನಡೆಯುವವರು ತಾವಾಗಿ ನಿಧಾನಿಸುತ್ತಾರೆ. ದಾರಿ ಕವಲೊಡೆಯುವಲ್ಲಿ ದೊಡ್ಡ ಕಲ್ಲೊಂದನ್ನಿಟ್ಟು, ಅಲ್ಲಿ ನಿಂತು ತಲೆಯೆತ್ತಿ ನೋಡುವಂತೆ ಮಾಡುವುದೂ ಉಂಟು. ಇಂಥ ದಾರಿಯಲ್ಲಿ ಆರು ಪಾಲು ನಡಿಗೆಯ ಅನುಕೂಲಕ್ಕೆ, ನಾಲ್ಕು ಪಾಲು ನೋಟಕ್ಕೆ ಎಂಬುದು ರಿಕ್ಯೂ ಅನುಸರಿಸಿದ ಪ್ರಮಾಣವೆಂದೂ, ಅವನ ಶಿಷ್ಯ ಫುರುತ ಓರಿಬೆ ಅದನ್ನು ತಿರುವುಮುರುವು ಮಾಡಿದನೆಂದೂ ಚಹಾಪರಂಪರೆಯಲ್ಲಿ ಹೇಳಿಕೆಯಿದೆ.

‘ತ್ಸುಕುಬಾಯಿ’ ಎಂದರೆ ಬಾಗಿ ಕುಕ್ಕರಿಸಿ ಕೈಬಾಯಿ ತೊಳೆಯುವಂತೆ ತಗ್ಗಿನಲ್ಲಿಟ್ಟ ಕಲ್ಬಾನಿ ಮತ್ತು ಅದರ ಸುತ್ತಲಿನ ಕಲ್ಲುಗಳ ಒಟ್ಟು ಜೋಡಣೆ. ಎಷ್ಟೇ ದೊಡ್ಡ ಪದವಿಯವನಾದರೂ ತಲೆ ತಗ್ಗಿಸಿಯೇ ನೀರು ಮುಟ್ಟಬೇಕೆಂಬ ಆಶಯ ಅದರ ಎತ್ತರದಲ್ಲೇ ಅಡಗಿದೆ. ಬಾನಿಯ ಎದುರು ನಿಲ್ಲಲು ಒಂದು ಚಪ್ಪಟೆ ಕಲ್ಲು, ಒಂದು ಪಕ್ಕದಲ್ಲಿ ರಾತ್ರಿಯ ಕೈದೀಪ ಇಡಲು ಒಂದು, ಇನ್ನೊಂದು ಪಕ್ಕದಲ್ಲಿ ಚಳಿಗಾಲದ ಬಿಸಿನೀರಿನ ಪಾತ್ರೆ ಇಡಲು ಒಂದು ಕಲ್ಲು. ಇವುಗಳ ನಡುವೆ ತುಳುಕಿದ ನೀರು ಇಂಗಿಹೋಗಲು ಬೆಣಚುಕಲ್ಲು ತುಂಬಿದ ತಗ್ಗು. ಹಳೆಯ ಸೇತುವೆಯ ಕಂಬ, ಶಿಥಿಲ ಸ್ತೂಪದ ತುಂಡು, ಬೀಸುವ ಕಲ್ಲು ಮುಂತಾದವುಗಳಿಗೆ ತೋಟದಲ್ಲಿ ಹೊಸ ಕೆಲಸ ಕೊಡುವ ಪದ್ಧತಿ ಜಪಾನಿನಲ್ಲಿ ಗೌರವದ್ದು; ಅದನ್ನು ‘ಮಿತಾತೆ’ ಎನ್ನುತ್ತಾರೆ. ಆಧುನಿಕ ತೋಟಶಿಲ್ಪಿ ಶಿಗೆಮೊರಿ ಮಿರೇಯ್ (1896–1975) ಅವರು 1939ರಲ್ಲಿ ಕ್ಯೋಟೊದ ತೋಫುಕುಜಿ ದೇವಾಲಯದ ತೋಟಗಳನ್ನು ರೂಪಿಸುವಾಗ ಅಲ್ಲೇ ಬಿದ್ದಿದ್ದ ಅಡಿಪಾಯದ ಕಂಬಗಳನ್ನು ಸಪ್ತರ್ಷಿ ಮಂಡಲದ ಆಕಾರದಲ್ಲಿ ನಿಲ್ಲಿಸಿದ್ದೂ, ಹಳೆಯ ನೆಲಹಾಸಿನ ಚೌಕಗಳನ್ನು ಹಾವಸೆಯ ನಡುವೆ ಚದುರಂಗದ ಮಣೆಯಂತೆ ಹುದುಗಿಸಿದ್ದೂ ಇದೇ ಮನೋಧರ್ಮದಿಂದ. ಆದ್ದರಿಂದ ಮನೆಯ ಹಿತ್ತಲಲ್ಲಿ ಮೂಲೆಗುಂಪಾದ ಒರಳುಕಲ್ಲು ಬಾನಿಯಾಗುವುದು, ಬೀಸುವ ಕಲ್ಲು ಹೆಜ್ಜೆಗಲ್ಲಾಗುವುದು ಪರಂಪರೆಗೆ ಪೂರ್ಣ ಸಮ್ಮತ.

ನಿಂತ ನೀರಿನ ವಿಷಯದಲ್ಲಿ ಮಾತ್ರ ಇಲ್ಲಿನವರು ಹೆಚ್ಚು ಎಚ್ಚರದಿಂದಿರಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಇಂಥ ಶುದ್ಧ ನೀರಿನ ಪಾತ್ರೆಗಳಲ್ಲೇ ಮೊಟ್ಟೆಯಿಡುತ್ತದೆ ಮತ್ತು ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಬೆಚ್ಚಗಿನ ಹವೆಯಲ್ಲಿ ಒಂದು ವಾರದಷ್ಟು ಕಾಲ ಸಾಕು. ಬಾನಿಯ ನೀರನ್ನು ವಾರದೊಳಗೆ ಒಮ್ಮೆಯಾದರೂ ಪೂರ್ತಿ ಚೆಲ್ಲಿ, ಒಳಮೈ ಉಜ್ಜಿ ತೊಳೆಯಬೇಕು, ಇಲ್ಲವೇ ಬಿದಿರಿನ ನಳಿಗೆಯಿಂದ ನೀರು ಸದಾ ತೊಟ್ಟಿಕ್ಕಿ ಹರಿದುಹೋಗುವಂತೆ ಸಣ್ಣ ಪಂಪು ಅಳವಡಿಸಬೇಕು. ಎರಡೂ ಸಾಧ್ಯವಿಲ್ಲದವರಿಗೆ ಒಣತೋಟವೇ ಸರಿಯಾದ ಆಯ್ಕೆ.

ಹಸಿರಿನ ಆಯ್ಕೆ

ಕ್ಯೋಟೊದಲ್ಲಿ ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆ ಎಲ್ಲ ಋತುಗಳಲ್ಲೂ ಹಂಚಿಕೊಂಡು ಬೀಳುತ್ತದೆ, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಶರತ್ಕಾಲದಲ್ಲಿ ಕೆಂಪಾಗುವ ಮೇಪಲ್, ವಸಂತದ ಚೆರಿ, ಕಪ್ಪು ಪೈನ್ ಇವೆಲ್ಲ ಆ ಋತುಚಕ್ರಕ್ಕೆ ಒಗ್ಗಿದ ಮರಗಳು. ಬೆಂಗಳೂರಿನಲ್ಲಿ ಮಳೆ ಹೆಚ್ಚುಕಡಿಮೆ ಸಾವಿರ ಮಿಲಿಮೀಟರಿನಷ್ಟಿದ್ದು, ಜನವರಿಯಿಂದ ಮಾರ್ಚಿನವರೆಗೆ ಹವೆ ಒಣಗಿರುತ್ತದೆ; ಮೇಪಲ್ ಬದುಕಿದರೂ ಚಳಿ ಸಾಲದೆ ಅದರ ಬಣ್ಣದ ಸೊಬಗು ಮೂಡುವುದಿಲ್ಲ. ಅಪರೂಪದ ಸಸಿ ತರಿಸಿ ಕಳೆದುಕೊಳ್ಳುವುದಕ್ಕಿಂತ, ಜಪಾನಿನ ತೋಟಗಳಲ್ಲೂ ಇದ್ದು ಇಲ್ಲಿಯೂ ಬೆಳೆಯುವ ಗಿಡಗಳನ್ನು ಆರಿಸುವುದು ಜಾಣತನ. ಬೆಂಗಳೂರಿನ ಹಳೆಯ ಬಂಗಲೆಗಳ ಮುಂದೆ ಕಾಣುವ ಸೈಕಸ್ ಇದಕ್ಕೆ ಉದಾಹರಣೆ. ದಕ್ಷಿಣ ಜಪಾನ್ ಮೂಲದ ಈ ಗಿಡಕ್ಕೆ ಹದಿನೇಳನೆಯ ಶತಮಾನದ ಕತ್ಸುರ ರಾಜನಿವಾಸದ ತೋಟದಲ್ಲಿ ಒಂದು ದಿಬ್ಬವೇ ಮೀಸಲಾಗಿದ್ದು, ಚಳಿಗಾಲದಲ್ಲಿ ಅಲ್ಲಿ ಅದಕ್ಕೆ ಹುಲ್ಲಿನ ಹೊದಿಕೆ ಸುತ್ತುತ್ತಾರೆ. ಪೊಡೊಕಾರ್ಪಸ್, ನಂದಿನ, ಕುಳ್ಳ ಬಿದಿರು, ನರ್ಸರಿಗಳಲ್ಲಿ ಮಾಂಡೊ ಗ್ರಾಸ್ ಎಂದು ಮಾರುವ ಕಪ್ಪು ಹಸಿರಿನ ಹುಲ್ಲುಗಿಡ ಇವೂ ಎರಡೂ ಕಡೆ ಸಲ್ಲುತ್ತವೆ. ಜಪಾನಿನಲ್ಲಿ ಅಜೇಲಿಯಾವನ್ನು ಗುಂಡಗೆ ಕತ್ತರಿಸಿ ದಿಬ್ಬಗಳಂತೆ ಬೆಳೆಸುವ ಕೆಲಸಕ್ಕೆ ಬಯಲುಸೀಮೆಯಲ್ಲಿ ಕಾಮಿನಿ ಅಥವಾ ಸಣ್ಣೆಲೆಯ ಕೇಪಳ ಒದಗುತ್ತದೆ.

ಹಾವಸೆ, ಅಂದರೆ ಮಳೆಗಾಲದಲ್ಲಿ ಗೋಡೆ ಕಲ್ಲುಗಳ ಮೇಲೆ ಮಖಮಲ್ಲಿನಂತೆ ಹಬ್ಬುವ ಬೇರಿಲ್ಲದ ಪುಟ್ಟ ಸಸ್ಯ, ಎಲೆಗಳ ಮೂಲಕವೇ ನೀರು ಹೀರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಲವಣಗಳು ಅದರ ಮೇಲೆ ಕುಳಿತು ಅದನ್ನು ಕೊಲ್ಲುವುದರಿಂದ ಸಂಗ್ರಹಿಸಿದ ಮಳೆನೀರನ್ನು ನವಿರಾಗಿ ಸಿಂಪಡಿಸಬೇಕು. ಮಲೆನಾಡು, ಕೊಡಗುಗಳಲ್ಲಿ ನೆರಳಿರುವ ಅಂಗಳಕ್ಕೆ ಅದು ತಾನಾಗಿ ಬರುತ್ತದೆ. ಅಲ್ಲಿನವರು ಕಳೆ ಕೀಳುತ್ತ ಕಾದರೆ ಸಾಕು. ಬಯಲುಸೀಮೆಯಲ್ಲಿ ಬೇಸಿಗೆ ದಾಟಿಸುವುದು ಕಷ್ಟವಾದ್ದರಿಂದ ಮಾಂಡೊ ಹುಲ್ಲನ್ನೋ ಸಣ್ಣ ಜರೀಗಿಡಗಳನ್ನೋ ಆ ಜಾಗದಲ್ಲಿ ಬೆಳೆಸುವುದು ವಾಸಿ. ಬೇರು ಹಬ್ಬಿಸುವ ಜಾತಿಯ ಬಿದಿರನ್ನು ನೆಡುವವರು ಅರವತ್ತು ಸೆಂಟಿಮೀಟರ್ ಆಳದ ತಡೆಗೋಡೆಯನ್ನು ಮೊದಲೇ ಹೂಳದಿದ್ದರೆ ಅದು ಜಲ್ಲಿಯನ್ನೂ ಹೆಜ್ಜೆಗಲ್ಲನ್ನೂ ಎತ್ತಿಹಾಕುತ್ತದೆ.

ಗಿಡಗಳ ಸಂಖ್ಯೆಗಿಂತ ಅವುಗಳನ್ನು ಕತ್ತರಿಸುವ ರೀತಿ ಮುಖ್ಯ. ಜಪಾನಿನ ತೋಟಗಾರರು ಎರಡು ಬಗೆಯ ಕತ್ತರಿಕೆಯನ್ನು ಬಳಸುತ್ತಾರೆ: ಪೊದೆಯ ಮೇಲ್ಮೈಯನ್ನು ನುಣುಪಾದ ದಿಬ್ಬದಂತೆ ಸವರುವ ‘ಕರಿಕೋಮಿ’ ಒಂದು, ಒಳಗಿನ ರೆಂಬೆಗಳನ್ನು ಆರಿಸಿ ತೆಗೆದು, ಕೊಂಬೆಗಳ ನಡುವೆ ಬೆಳಕು ಗಾಳಿಗಳು ಹಾಯುವಂತೆ ಮಾಡುವ ‘ಸುಕಾಶಿ’ ಇನ್ನೊಂದು. ಎರಡನೆಯದರಲ್ಲಿ ಗಿಡಕ್ಕೆ ಕತ್ತರಿ ತಾಗಿದ ಗುರುತೇ ಕಾಣಬಾರದು. ಪುಟ್ಟ ಅಂಗಳದಲ್ಲಿ ಹೀಗೆ ಬಿಡಿಸಿದ ಒಂದೇ ಮರದ ಕೊಂಬೆಯ ಸಂದಿಯಿಂದ ಹಿಂದಿನ ಕಲ್ಲು ಅರೆಬರೆಯಾಗಿ ಕಂಡರೆ, ಜಾಗ ಇರುವುದಕ್ಕಿಂತ ಆಳವಾಗಿ ತೋರುತ್ತದೆ.

ಬೇಲಿ, ದೀಪ ಮತ್ತು ದಿನನಿತ್ಯದ ಆರೈಕೆ

ಹಿನ್ನೆಲೆಗೆ ಬಿದಿರಿನ ಬೇಲಿ ಹಾಕುವವರು ಎರಡು ಮಾದರಿಗಳನ್ನು ಪರಿಶೀಲಿಸಬಹುದು. ಕ್ಯೋಟೊದ ಕೆನ್ನಿಂಜಿ ದೇವಾಲಯದ ಹೆಸರು ಹೊತ್ತ ‘ಕೆನ್ನಿಂಜಿಗಾಕಿ’ಯಲ್ಲಿ ಸೀಳುಬಿದಿರನ್ನು ಒತ್ತಾಗಿ ನಿಲ್ಲಿಸುವುದರಿಂದ ಆಚೆಯದೇನೂ ಕಾಣುವುದಿಲ್ಲ, ‘ಯೊತ್ಸುಮೆಗಾಕಿ’ಯಲ್ಲಿ ಚೌಕಚೌಕವಾದ ತೆರಪುಗಳಿದ್ದು, ತೋಟವನ್ನು ಎರಡು ಭಾಗ ಮಾಡಿಯೂ ನೋಟವನ್ನು ತಡೆಯುವುದಿಲ್ಲ. ಮೊಳೆಯ ಬದಲು ಕಪ್ಪು ಬಣ್ಣ ಕಟ್ಟಿದ ತಾಳೆನಾರಿನ ಹಗ್ಗದಿಂದ ಗಂಟು ಹಾಕುವುದು ಅಲ್ಲಿನ ರೂಢಿ. ಇಲ್ಲಿ ತೆಂಗಿನ ನಾರಿನ ಹುರಿ ಅದೇ ಕೆಲಸ ಮಾಡುತ್ತದೆ. ಗೆದ್ದಲಿನ ಕಾಟವಿರುವಲ್ಲಿ ಕಂಬಗಳನ್ನು ಕಲ್ಲಿನ ಅಥವಾ ಕಬ್ಬಿಣದ ಬುಡದ ಮೇಲೆ ನಿಲ್ಲಿಸಿ, ಬಿದಿರು ಮಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಕಲ್ಲಿನ ದೀಪಸ್ತಂಭವಾದ ‘ಇಶಿದೋರೊ’ ಮೂಲತಃ ದೇವಾಲಯಗಳಲ್ಲಿ ಹರಕೆಯ ದೀಪ. ಸಂಜೆಯ ಚಹಾಕೂಟಗಳಿಗೆ ಬರುವ ಅತಿಥಿಗಳಿಗೆ ದಾರಿ ತೋರಲು ಚಹಾಗುರುಗಳು ಅದನ್ನು ತೋಟಕ್ಕೆ ತಂದರು. ಆದ್ದರಿಂದ ಬೆಳಕು ಬೇಕಾದ ಕಡೆ, ಅಂದರೆ ಕಲ್ಬಾನಿಯ ಬಳಿ ಅಥವಾ ದಾರಿ ತಿರುಗುವಲ್ಲಿ, ರೆಂಬೆಯೊಂದರಿಂದ ಅರ್ಧ ಮರೆಯಾಗಿ ಅದು ನಿಲ್ಲಬೇಕು. ಅಂಗಳದ ನಟ್ಟನಡುವೆ ನಿಂತ ದೀಪಸ್ತಂಭಕ್ಕೆ ಕೆಲಸವಿಲ್ಲ. ಚಿಕ್ಕ ತೋಟಕ್ಕೆ ಒಂದಕ್ಕಿಂತ ಹೆಚ್ಚು ಬೇಕಿಲ್ಲ, ಇಲ್ಲದಿದ್ದರೂ ನಷ್ಟವಿಲ್ಲ. ಕಿಟಕಿಯಲ್ಲಿ ಕುಳಿತು ನೋಡಲು ಮಾತ್ರ ಇರುವ, ರಾತ್ರಿ ಯಾರೂ ಕಾಲಿಡದ ಒಣತೋಟದಲ್ಲಿ ಅದನ್ನು ಕೈಬಿಡುವುದೇ ಸರಿ.

ತೋಟ ಸಿದ್ಧವಾದ ದಿನಕ್ಕಿಂತ ಅನಂತರದ ವರ್ಷಗಳು ಅದರ ಗುಣವನ್ನು ನಿರ್ಣಯಿಸುತ್ತವೆ. ಬೆಳಿಗ್ಗೆ ಉದುರಿದ ಎಲೆ ಆಯುವುದು, ವಾರಕ್ಕೊಮ್ಮೆ ಜಲ್ಲಿಯ ಗೆರೆಗಳನ್ನು ಅಳಿಸಿ ಮತ್ತೆ ಎಳೆಯುವುದು, ಹಾವಸೆಯ ನಡುವಿನ ಕಳೆಯನ್ನು ಕೈಯಿಂದಲೇ ಕೀಳುವುದು, ವರ್ಷಕ್ಕೆರಡು ಸಲ ರೆಂಬೆ ಬಿಡಿಸುವುದು, ಕೆಲವು ವರ್ಷಗಳಿಗೊಮ್ಮೆ ಬಿದಿರಿನ ಬೇಲಿಯನ್ನು ಹೊಸದಾಗಿ ಕಟ್ಟುವುದು ಇವೆಲ್ಲ ಜಪಾನಿನಲ್ಲಿ ತೋಟ ನಿರ್ಮಾಣದ ಭಾಗವೇ ಆಗಿವೆ; ಈ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡ ‘ನಿವಾಶಿ’ ಎಂಬ ಕುಶಲಿಗಳು ಕೆಲವೊಮ್ಮೆ ತಲೆಮಾರುಗಳವರೆಗೆ ಒಂದೇ ತೋಟವನ್ನು ನೋಡಿಕೊಳ್ಳುತ್ತಾರೆ. ಆದ್ದರಿಂದ ತೋಟದ ವಿಸ್ತಾರವನ್ನು ನಿಗದಿಪಡಿಸಬೇಕಾದದ್ದು ಇರುವ ಜಾಗದಿಂದಲೂ ಅಲ್ಲ, ಕೈಯಲ್ಲಿರುವ ಹಣದಿಂದಲೂ ಅಲ್ಲ. ಮನೆಯವರು ವಾರಕ್ಕೆ ಎಷ್ಟು ಗಂಟೆ ಕುಂಟೆ ಕತ್ತರಿ ಹಿಡಿಯಬಲ್ಲರೆಂಬುದರಿಂದ. ಮೂರು ಕಲ್ಲು, ಒಂದು ಗಿಡ, ಒಂದಿಷ್ಟು ಜಲ್ಲಿಯೊಂದಿಗೆ ಆರಂಭಿಸಿ, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಅದನ್ನು ಚೆನ್ನಾಗಿ ನೋಡಿಕೊಂಡವರಿಗೆ ಮುಂದೆ ಏನನ್ನು ಸೇರಿಸಬೇಕೆಂಬುದು ತಿಳಿದುಬರುತ್ತದೆ. ಸೇರಿಸಬೇಕಾದದ್ದು ಏನೂ ಇಲ್ಲವೆಂದು ತಿಳಿದುಬಂದರೆ, ಆ ತೋಟ ಪೂರ್ಣವಾಗಿದೆಯೆಂದೇ ಅರ್ಥ.